ಚಪ್ಪಲಿ ಮೆಟ್ಟಿದ ಮೇಲಿನ ಮಾತು

ನಮ್ಮ ಕಡೆ ನೆಂಟರು ಬಂದರೆ ಮಾತು ಎರಡು ಸಲ ನಡೆಯುತ್ತದೆ. ಒಳಗೆ ಕಾಫಿ ಕುಡಿಯುತ್ತಾ ಆಡುವುದು ಮೊದಲನೆಯದು. ಕುಂಕುಮ ಇಡಿಸಿಕೊಂಡು, ಎಲೆ ಅಡಿಕೆ ಪಡೆದು, ಚಪ್ಪಲಿ ಮೆಟ್ಟಿ, ಜಗಲಿಯಿಂದ ಒಂದು ಮೆಟ್ಟಿಲು ಇಳಿದ ಮೇಲೆ ಆಡುವುದು ಎರಡನೆಯದು. ಮಗಳಿಗೆ ಗಂಡು ಕೂಡಿಬರದ ಸಂಕಟ, ಸಾಲ ತೀರಿಸಲು ಇನ್ನೊಂದು ತಿಂಗಳು ಬೇಕೆನ್ನುವ ಕೋರಿಕೆ, ಡಾಕ್ಟರು ಬರೆದುಕೊಟ್ಟ ಚೀಟಿಯ ಭಯ, ಎಲ್ಲವೂ ಬಾಯಿಗೆ ಬರುವುದು ಆಗಲೇ. ಅರಸೀಕೆರೆಯ ನಮ್ಮ ಮನೆಯ ಮೆಟ್ಟಿಲ ಮೇಲೆ ಅಜ್ಜಿ ಅಂಥ ಮಾತಿಗೆ ಮುಕ್ಕಾಲು ಗಂಟೆ ನಿಂತೇ ಕಿವಿಗೊಟ್ಟದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಒಳಗೆ ಆಡಿದ್ದು ಯಾತಕ್ಕಾಗಿ ಬಂದೆವು ಎನ್ನುವುದಕ್ಕೆ ನೆಪ, ಹೊರಗೆ ಆಡಿದ್ದೇ ಬಂದ ಕಾರಣ.

ಕ್ಯಾಲಿಫೋರ್ನಿಯಾದ ಸಾನ್ ಹೋಸೆ ಸುತ್ತಲಿನ ಒಂದು ಕಮ್ಯುನಿಟಿ ಕಾಲೇಜಿನ ಪ್ರವೇಶ ವಿಭಾಗಕ್ಕೆ ನಾನು ಕೆಲಸಕ್ಕೆ ಸೇರಿದ್ದು 2011ರ ಆಗಸ್ಟ್‌ನಲ್ಲಿ. ಕೌಂಟರಿನ ಹಿಂದೆ ಕುಳಿತ ಮೊದಲ ವಾರವೇ ಅಜ್ಜಿಯ ಮೆಟ್ಟಿಲು ನೆನಪಾಯಿತು. ಹತ್ತೊಂಬತ್ತರ ಆಸುಪಾಸಿನ ಒಬ್ಬ ಹುಡುಗ ಬಂದಿದ್ದ. ಅರ್ಜಿ ಸರಿಯಿತ್ತು, ತರಗತಿಗಳು ಸಿಕ್ಕವು, ಶುಲ್ಕದ ವಿಷಯವೂ ಮುಗಿಯಿತು. ಕಾಗದಗಳನ್ನು ನಾಲ್ಕಾಗಿ ಮಡಿಸಿ ಬೆನ್ನಚೀಲದೊಳಗೆ ತುರುಕಿ, ಜಿಪ್ ಎಳೆದು, ಎರಡು ಹೆಜ್ಜೆ ಹೋದ. ಮತ್ತೆ ತಿರುಗಿದ. "ಮಿಸ್, ಮೊದಲ ದಿನವೇ ಪುಸ್ತಕ ಇರಲೇಬೇಕೇ? ನನಗೆ ಸಂಬಳ ಬರುವುದು ತಿಂಗಳ ಕೊನೆಗೆ."

ಗ್ರಂಥಾಲಯದಲ್ಲಿ ಪಠ್ಯಪುಸ್ತಕಗಳ ಒಂದೊಂದು ಪ್ರತಿ ಕಾದಿರಿಸಿರುತ್ತಾರೆ, ಅಲ್ಲೇ ಕುಳಿತು ಎರಡು ಗಂಟೆ ಓದಬಹುದು ಎಂದು ಹೇಳಿದೆ. ಬಡ ವಿದ್ಯಾರ್ಥಿಗಳಿಗೆ ಪುಸ್ತಕದ ಖರ್ಚಿಗೆ ನೆರವಾಗುವ ಇಒಪಿಎಸ್ ಎಂಬ ಕಾರ್ಯಕ್ರಮ 1969ರಿಂದಲೂ ಈ ರಾಜ್ಯದಲ್ಲಿದೆ. ಅದರ ಕೋಣೆ ಯಾವ ಮಹಡಿಯಲ್ಲಿದೆ ಎಂದು ತೋರಿಸಿದೆ. ಅವನ ಹೆಗಲು ಇಳಿದದ್ದು ನನಗೆ ಕಾಣಿಸಿತು. ಅಷ್ಟು ಹೊತ್ತು ಸರತಿಯಲ್ಲಿ ನಿಂತಿದ್ದೇ ಆ ಒಂದು ಪ್ರಶ್ನೆಯನ್ನು ಹೊತ್ತುಕೊಂಡು. ಆದರೆ ಅದನ್ನು ಕೇಳಲು ಅವನು ಹೊರಟು ನಿಲ್ಲಬೇಕಾಯಿತು.

ಈ ಬರಹ ಆ ಪ್ರಶ್ನೆಯ ಬಗ್ಗೆ. ನಾವು ಹೊಸ ವಿದ್ಯಾರ್ಥಿಗಳ ನೋಂದಣಿಯನ್ನೂ, ಅವರಿಗೆ ಕಾಲೇಜಿನ ಪರಿಚಯ ಮಾಡಿಕೊಡುವ ಓರಿಯೆಂಟೇಷನ್ನನ್ನೂ ಕೌಂಟರಿನಿಂದ ಎತ್ತಿ ಪರದೆಯ ಮೇಲೆ ಇಟ್ಟೆವು. ಆಗ ಆ ಪ್ರಶ್ನೆ ಎಲ್ಲಿಗೆ ಹೋಯಿತು ಎಂದು ಹುಡುಕುವುದರಲ್ಲಿ ನನ್ನ ಕೆಲವು ವರ್ಷಗಳು ಕಳೆದಿವೆ.

ಕಮ್ಯುನಿಟಿ ಕಾಲೇಜು ಎಂದರೇನು ಎಂದು ಊರಿಗೆ ಹೋದಾಗಲೆಲ್ಲ ವಿವರಿಸಬೇಕಾಗುತ್ತದೆ. ಡಿಪ್ಲೊಮಾ ಕಾಲೇಜೇ ಎನ್ನುತ್ತಾರೆ, ಸಂಜೆ ಕಾಲೇಜೇ ಎನ್ನುತ್ತಾರೆ. ಎರಡೂ ಸ್ವಲ್ಪ ಸ್ವಲ್ಪ ಹೌದು. ಪದವಿಯ ಮೊದಲ ಎರಡು ವರ್ಷ ಇಲ್ಲಿ ಓದಿ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ನರ್ಸಿಂಗ್, ವೆಲ್ಡಿಂಗ್, ಲೆಕ್ಕಪತ್ರ ಕಲಿತು ನೇರ ಕೆಲಸಕ್ಕೂ ಹೋಗಬಹುದು. ಇಲಿನಾಯ್ಸ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಮೊದಲನೆಯದು ತೆರೆಯಿತು, ಕ್ಯಾಲಿಫೋರ್ನಿಯಾದಲ್ಲಿ 1910ರಲ್ಲಿ ಫ್ರೆಸ್ನೊದಲ್ಲಿ. 1960ರಲ್ಲಿ ಈ ರಾಜ್ಯ ತನ್ನ ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆ ಬರೆದುಕೊಂಡಿತು. ಹೆಚ್ಚು ಅಂಕ ಪಡೆದವರಿಗೆ ವಿಶ್ವವಿದ್ಯಾಲಯಗಳು, ಕಲಿಯಬಲ್ಲ ಉಳಿದ ಪ್ರತಿಯೊಬ್ಬರಿಗೂ ಕಮ್ಯುನಿಟಿ ಕಾಲೇಜು ಎಂದು ಅದರ ಸಾರ. ಇಂದು ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ಹದಿನೆಂಟು ತುಂಬಿದ್ದರೆ ಸಾಕು, ಹೈಸ್ಕೂಲು ಮುಗಿಸಿರದಿದ್ದರೂ ಸೇರಿಸಿಕೊಳ್ಳುತ್ತೇವೆ. ಅಂಕಪಟ್ಟಿ ನೋಡಿ ಬಾಗಿಲು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಈ ಒಂದು ಮಾತನ್ನು ಹೇಳುವಾಗ ನನಗೆ ಇಂದಿಗೂ ಎದೆ ತುಂಬಿ ಬರುತ್ತದೆ.

ಬಾಗಿಲು ತೆರೆದಿರುವುದು ಬೇರೆ, ಒಳಗೆ ಹೋಗುವ ದಾರಿ ಗೊತ್ತಿರುವುದು ಬೇರೆ. 2012ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು. ಹೊಸ ವಿದ್ಯಾರ್ಥಿ ಓರಿಯೆಂಟೇಷನ್ ಮುಗಿಸಬೇಕು, ಇಂಗ್ಲಿಷ್ ಮತ್ತು ಗಣಿತದ ಮಟ್ಟ ಗೊತ್ತಾಗಬೇಕು, ಏನು ಓದುತ್ತೇನೆ ಎಂಬ ಯೋಜನೆ ಬರೆದುಕೊಡಬೇಕು. ಇವು ಮೂರೂ ಆದವರಿಗೆ ತರಗತಿ ಆಯ್ದುಕೊಳ್ಳಲು ಮೊದಲ ಸರದಿ. ಒಳ್ಳೆಯ ಉದ್ದೇಶವೇ. ಆದರೆ ಅದರಿಂದ ಒಬ್ಬೊಬ್ಬರೂ ಕಾಲೇಜಿಗೆ ಮೂರು ನಾಲ್ಕು ಸಲ ಬರಬೇಕಾಯಿತು.

ಆಗಿನ ಓರಿಯೆಂಟೇಷನ್ ಹೇಗಿತ್ತೆಂದು ಹೇಳಬೇಕು. ವಾರದ ನಡುವೆ ಒಂದು ಬೆಳಗ್ಗೆ ದೊಡ್ಡ ಸಭಾಂಗಣ. ಮೂರು ಗಂಟೆ. ಒಬ್ಬರ ಹಿಂದೆ ಒಬ್ಬರು ವೇದಿಕೆಗೆ ಬಂದು ತಮ್ಮ ವಿಭಾಗದ ಪರಿಚಯ ಮಾಡಿಕೊಡುತ್ತಿದ್ದರು. ಮೊದಲ ಅರ್ಧ ಗಂಟೆ ಮಕ್ಕಳು ಬರೆದುಕೊಳ್ಳುತ್ತಿದ್ದರು, ಆಮೇಲೆ ಮೊಬೈಲ್ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡು ನಿಂತೇ ಇದ್ದದ್ದು ನನಗೆ ನೆನಪಿದೆ. ಕುಳಿತರೆ ಮಗು ಅಳುತ್ತಿತ್ತು. ಅವಳು ಬಂದದ್ದಾದರೂ ಕಂಡಿತು. ಬರಲಾಗದವರು ಯಾರ ಕಣ್ಣಿಗೂ ಬೀಳಲಿಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುವ ಗೋದಾಮಿನ ಕೆಲಸಗಾರ, ಎರಡು ಬಸ್ ಬದಲಿಸಿ ಬರಬೇಕಾದವರು, ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿ ಹೋಗುವವರು. ಇವರಿಗಾಗಿಯೇ ಇರುವ ಕಾಲೇಜು ಇವರು ಬರಲಾಗದ ಹೊತ್ತಿಗೆ ಬಾಗಿಲು ತೆರೆಯುತ್ತಿತ್ತು. ಆದ್ದರಿಂದ ಆನ್‌ಲೈನ್ ಬೇಕು ಎಂದು ನಮ್ಮ ವಿಭಾಗದಲ್ಲಿ ಮೊದಲಿಂದಲೂ ಹಟ ಹಿಡಿದವರಲ್ಲಿ ನಾನೂ ಒಬ್ಬಳು. ಈಗಲೂ ಆ ಹಟವನ್ನು ಬಿಟ್ಟಿಲ್ಲ.

ಅಡ್ಡವಾಗಿ ಇದ್ದದ್ದು ಮಟ್ಟ ಅಳೆಯುವ ಪರೀಕ್ಷೆ. ಅದನ್ನು ಕಾಲೇಜಿನ ಕೋಣೆಯಲ್ಲೇ, ನಮ್ಮ ಕಣ್ಣೆದುರಿಗೇ ಬರೆಯಬೇಕಿತ್ತು. ಎಷ್ಟೋ ಜನ ತಯಾರಿಯೇ ಇಲ್ಲದೆ ಬಂದು ಬರೆದು, ಹೈಸ್ಕೂಲಿನಲ್ಲಿ ಓದಿ ಮುಗಿಸಿದ ಗಣಿತಕ್ಕೇ ಹಿಂದಿರುಗಿ, ಪದವಿಗೆ ಲೆಕ್ಕವೇ ಆಗದ ತರಗತಿಗಳಲ್ಲಿ ಒಂದು ಒಂದೂವರೆ ವರ್ಷ ಕಳೆದು ಬಿಟ್ಟುಹೋದರು. 2017ರಲ್ಲಿ ಎಬಿ 705 ಎಂಬ ಕಾನೂನು ಬಂತು. ಹೈಸ್ಕೂಲಿನ ಅಂಕಗಳನ್ನೇ ನೋಡಿ ತರಗತಿ ಕೊಡಿ ಎಂದಿತು. 2019ರ ಶರತ್ಕಾಲದ ಹೊತ್ತಿಗೆ ಎಲ್ಲ ಕಾಲೇಜುಗಳೂ ಅದಕ್ಕೆ ಹೊಂದಿಕೊಳ್ಳಬೇಕಾಯಿತು. ಪರೀಕ್ಷೆಯ ಕೋಣೆಗೆ ಬೀಗ ಬಿತ್ತು. ವಿದ್ಯಾರ್ಥಿ ಕಾಲೇಜಿಗೆ ಬಂದೇ ತೀರಬೇಕು ಎನ್ನಲು ಇದ್ದ ಕಾರಣವೂ ಅದರೊಂದಿಗೆ ಹೋಯಿತು. ಇನ್ನು ನಿಧಾನವಾಗಿ, ಎರಡು ವರ್ಷದಲ್ಲಿ, ಓರಿಯೆಂಟೇಷನ್ನನ್ನು ಆನ್‌ಲೈನ್‌ಗೆ ತರೋಣ ಎಂದು ಕಾಗದದ ಮೇಲೆ ಯೋಜನೆ ಹಾಕಿದೆವು.

ಎರಡು ವರ್ಷ ಸಿಗಲಿಲ್ಲ. 2020ರ ಮಾರ್ಚ್ 16ರಂದು ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ನಮ್ಮ ಆರು ಕೌಂಟಿಗಳು, ಅಂದರೆ ಜಿಲ್ಲೆಗಳು, ಕೋವಿಡ್ ಕಾರಣಕ್ಕೆ ಮನೆಯಲ್ಲೇ ಇರುವಂತೆ ಆದೇಶ ಹೊರಡಿಸಿದವು. ಮಾರನೆಯ ದಿನದಿಂದ ಜಾರಿ. ಕೌಂಟರಿನ ಗಾಜಿನ ಕಿಟಕಿಗೆ ಒಂದು ಹಾಳೆ ಅಂಟಿಸಿ, ಮೇಜಿನ ಮೇಲಿದ್ದ ತುಳಸಿ ಕುಂಡವನ್ನು ಕಾರಿನಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಬೇಸಿಗೆಯ ನೋಂದಣಿ ಆಗಲೇ ಬಾಗಿಲಲ್ಲಿತ್ತು.

ಅಡುಗೆಮನೆಯ ಮೇಜೇ ನನ್ನ ಕಚೇರಿಯಾಯಿತು. ಆರು ಜನ ಸೇರಿ ಆರೇಳು ವಾರದಲ್ಲಿ ಓರಿಯೆಂಟೇಷನ್ನನ್ನು ಬರೆದೆವು. ಮೂರು ಗಂಟೆಯ ಸಭೆಯನ್ನು ಮುಕ್ಕಾಲು ಗಂಟೆಯ ಪುಟಗಳಿಗೆ ಇಳಿಸುವಾಗ ಯಾವ ಮಾತು ಯಾರಿಗಾಗಿ ಇತ್ತು ಎಂಬುದು ಬಯಲಾಗುತ್ತಾ ಹೋಯಿತು. ವಿಭಾಗಗಳ ಮುಖ್ಯಸ್ಥರ ಪರಿಚಯ ಮೊದಲು ಹೋಯಿತು. ಕಾಲೇಜಿನ ಇತಿಹಾಸ ಹೋಯಿತು. "ಯೂನಿಟ್" ಎಂಬ ಪದದ ಮೇಲೆ ಎರಡು ದಿನ ಕುಳಿತೆವು. ನಮ್ಮ ಕೈಪಿಡಿಯಲ್ಲಿ ಅದಕ್ಕೆ ಅರ್ಧ ಪುಟದ ವ್ಯಾಖ್ಯಾನವಿದೆ. ಎಂಟು ವರ್ಷಕ್ಕೂ ಹೆಚ್ಚು ಕೌಂಟರಿನಲ್ಲಿ ಕುಳಿತ ನನಗೇ ಅದನ್ನು ಎರಡು ಸಲ ಓದಬೇಕಾಯಿತು. ಕೊನೆಗೆ ಹೀಗೆ ಬರೆದೆವು: ಒಂದು ಯೂನಿಟ್ ಎಂದರೆ ವಾರಕ್ಕೆ ಒಂದು ಗಂಟೆ ಪಾಠ, ಅದರ ಹಿಂದೆ ಎರಡು ಗಂಟೆ ಓದು. 12 ಯೂನಿಟ್ ತೆಗೆದುಕೊಂಡರೆ ವಾರಕ್ಕೆ 36 ಗಂಟೆ. ನೀವು ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತೀರಿ?

ಕೊನೆಯ ಆ ಪ್ರಶ್ನೆ ನನ್ನದು. ಅದನ್ನು ಉಳಿಸಿಕೊಳ್ಳಲು ನಾನು ಜಗಳವನ್ನೇ ಆಡಬೇಕಾಯಿತು. ಮಾಹಿತಿ ಕೊಡುವ ಪುಟದಲ್ಲಿ ಪ್ರಶ್ನೆ ಏಕೆ ಎಂದು ಕೇಳಿದರು. ಹನ್ನೆರಡು ಯೂನಿಟ್ ತೆಗೆದುಕೊಂಡವರನ್ನು ಪೂರ್ಣಾವಧಿ ವಿದ್ಯಾರ್ಥಿ ಎನ್ನುತ್ತೇವೆ. "ಪೂರ್ಣಾವಧಿ" ಎಂಬುದು ಗೌರವದ ಮಾತಿನಂತೆ ಕೇಳಿಸುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುತ್ತಿರುವವರು ಅದಕ್ಕಿಂತ ಕಡಿಮೆ ತೆಗೆದುಕೊಂಡರೆ ತಾವು ಅರ್ಧ ವಿದ್ಯಾರ್ಥಿಗಳು ಎಂದುಕೊಳ್ಳುತ್ತಾರೆ. ನಲವತ್ತು ಗಂಟೆ ದುಡಿಯುವವರು ಹನ್ನೆರಡು ಯೂನಿಟ್ ಹಾಕಿಕೊಂಡು ಅಕ್ಟೋಬರ್ ಹೊತ್ತಿಗೆ ಒಂದೊಂದೇ ತರಗತಿ ಬಿಡುತ್ತಾ, ಕೊನೆಗೆ ಕಾಲೇಜನ್ನೇ ಬಿಟ್ಟದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಕೌಂಟರಿನಲ್ಲಿ ಅವರ ಎದೆಯ ಮೇಲಿನ ಅಂಗಡಿಯ ಬಿಲ್ಲೆ ನೋಡಿಯೇ ಕೇಳುತ್ತಿದ್ದೆ, "ಎಷ್ಟು ಗಂಟೆ ಕೆಲಸ? ಈ ಸಲ ಆರು ಯೂನಿಟ್ ಸಾಕು, ಗಟ್ಟಿಯಾಗಿ ಓದಿ." ಪರದೆಗೆ ಆ ಬಿಲ್ಲೆ ಕಾಣುವುದಿಲ್ಲ.

ಆ ವರ್ಷ ಒಳ್ಳೆಯದೂ ಬಹಳ ನಡೆಯಿತು, ಅದನ್ನು ಮನಸ್ಸು ತುಂಬಿ ಹೇಳುತ್ತೇನೆ. ಯಾರು ಯಾವ ಹೊತ್ತಿಗೆ ಓರಿಯೆಂಟೇಷನ್ ಮುಗಿಸಿದರು ಎಂಬುದು ದಾಖಲಾಗುತ್ತದೆ. ಬೆಳಗ್ಗೆ ಎದ್ದು ಆ ಪಟ್ಟಿ ತೆರೆಯುವುದು ನನಗೆ ಅಭ್ಯಾಸವಾಯಿತು. ರಾತ್ರಿ ಹನ್ನೊಂದೂವರೆ, ಒಂದು ಗಂಟೆ ಹತ್ತು ನಿಮಿಷ, ನಸುಕಿನ ನಾಲ್ಕೂ ಮುಕ್ಕಾಲು. ಈ ಜನ ಯಾರೂ ನನ್ನ ಕೌಂಟರಿನ ಮುಂದೆ ಎಂದೂ ನಿಲ್ಲಲಾರದವರು. ವಿಡಿಯೊಗಳ ಕೆಳಗೆ ಅಕ್ಷರ ಮೂಡಿಸಬೇಕೆಂಬುದು ಕಿವುಡರಿಗಾಗಿ ಇರುವ ನಿಯಮ. ಇಂಗ್ಲಿಷನ್ನು ಈಗಷ್ಟೇ ಕಲಿಯುತ್ತಿರುವವರು ಅದೇ ಅಕ್ಷರಗಳನ್ನು ನಿಲ್ಲಿಸಿ ನಿಲ್ಲಿಸಿ, ಹಿಂದಕ್ಕೆ ಹೋಗಿ ಓದಿದರು. ಸಭಾಂಗಣದಲ್ಲಿ ಯಾರಿಗೂ "ಇನ್ನೊಮ್ಮೆ ಹೇಳಿ" ಎನ್ನುವ ಧೈರ್ಯ ಇರಲಿಲ್ಲ. ಅಲ್ಲಿ ನಾಚಿಕೆಯಿಂದ ತಲೆಯಾಡಿಸಿದ್ದವರು ಇಲ್ಲಿ ಮೂರು ಸಲ ಕೇಳಿಸಿಕೊಂಡರು. ಮನೆಯಲ್ಲಿ ಇಂಟರ್ನೆಟ್ ಇಲ್ಲದವರಿಗಾಗಿ ಎಷ್ಟೋ ಕಾಲೇಜುಗಳು ಕಾರು ನಿಲ್ಲಿಸುವ ಜಾಗಕ್ಕೇ ವೈಫೈ ಹರಿಸಿದವು. ಒಂದು ಮಧ್ಯಾಹ್ನ ಹಾದುಹೋಗುವಾಗ ನೋಡಿದೆ: ಬಿಸಿಲಿನಲ್ಲಿ ಒಂದಕ್ಕೊಂದು ದೂರ ನಿಂತ ಕಾರುಗಳು, ಒಳಗೆ ಸ್ಟಿಯರಿಂಗ್‌ಗೆ ಲ್ಯಾಪ್‌ಟಾಪ್ ಒರಗಿಸಿಕೊಂಡು ಓದುತ್ತಿರುವವರು. ನನ್ನ ಕಣ್ಣು ಒದ್ದೆಯಾಯಿತು.

ಅರ್ಧಕ್ಕೇ ಬಿಟ್ಟುಹೋದವರ ಸುದ್ದಿ ತಡವಾಗಿ ತಿಳಿಯಿತು. ಹೋದವರು ಸದ್ದು ಮಾಡುವುದಿಲ್ಲ.

ನಮ್ಮ ರಾಜ್ಯದ ಅರ್ಜಿ ಎಲ್ಲ ಕಮ್ಯುನಿಟಿ ಕಾಲೇಜುಗಳಿಗೂ ಒಂದೇ, ಅದು ಬಹಳ ಹಿಂದೆಯೇ ಆನ್‌ಲೈನ್ ಆಗಿತ್ತು. ಆದರೆ ಅದನ್ನು ತುಂಬುವಾಗ ಎಷ್ಟೋ ಜನ ನಮ್ಮ ಕೌಂಟರಿನ ಪಕ್ಕದ ಕಂಪ್ಯೂಟರುಗಳ ಮುಂದೆ ಕೂರುತ್ತಿದ್ದರು. 2020ರ ಬೇಸಿಗೆಯಲ್ಲಿ ಅರ್ಧಕ್ಕೇ ನಿಂತ ಅರ್ಜಿಗಳ ಬಗ್ಗೆ ವಿಚಾರಿಸಲು ನಾವು ಫೋನ್ ಮಾಡಲು ಶುರು ಮಾಡಿದೆವು. ಒಬ್ಬ ಹುಡುಗಿ ನನ್ನ ಫೋನ್ ಎತ್ತಿಕೊಂಡಳು. ಧ್ವನಿಯಲ್ಲಿ ಹೆದರಿಕೆ. ಮೂರು ವಾರದಿಂದ ಅರ್ಜಿ ಒಂದೇ ಪುಟದಲ್ಲಿ ನಿಂತಿತ್ತು. ಯಾವ ಪುಟ ಎಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಪೌರತ್ವ ಯಾವುದು, ಎಷ್ಟು ದಿನದಿಂದ ಈ ರಾಜ್ಯದಲ್ಲಿದ್ದೀರಿ, ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಎಂಬ ಗುರುತಿನ ಸಂಖ್ಯೆ ಏನು ಎಂದು ಕೇಳುವ ಪುಟ.

ಆ ಹುಡುಗಿ ಎಳೆಯ ವಯಸ್ಸಿನಲ್ಲಿ ತಂದೆ ತಾಯಿಯೊಂದಿಗೆ ಗಡಿ ದಾಟಿ ಬಂದವಳು. ಅವಳ ಬಳಿ ಕಾಗದಗಳಿಲ್ಲ. ಅಂಥ ಮಕ್ಕಳಿಗಾಗಿಯೇ ಈ ರಾಜ್ಯದಲ್ಲಿ 2001ರಿಂದ ಎಬಿ 540 ಎಂಬ ಕಾನೂನಿದೆ. ಇಲ್ಲಿನ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿ ಮುಗಿಸಿದ್ದರೆ ಅವರು ಸ್ಥಳೀಯರಷ್ಟೇ ಶುಲ್ಕ ಕಟ್ಟಿದರೆ ಸಾಕು: ಯೂನಿಟ್‌ಗೆ 46 ಡಾಲರ್, ಹನ್ನೆರಡು ಯೂನಿಟ್‌ಗೆ 552. ಬಡವರಾಗಿದ್ದರೆ ಆ ಶುಲ್ಕವೂ ಮನ್ನಾ ಆಗುತ್ತದೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕೊಡದೆಯೂ ಅರ್ಜಿ ಕಳಿಸಬಹುದು. ಇದೆಲ್ಲ ಆ ಪುಟದಲ್ಲೇ, ಒಂದು ಕೊಂಡಿಯ ಹಿಂದೆ ಬರೆದಿದೆ. ಹೆದರಿದವರು ಕೊಂಡಿ ಒತ್ತುವುದಿಲ್ಲ. ಖಾಲಿ ಚೌಕವನ್ನು ನೋಡಿ, ಇದು ಯಾರ ಕೈಗೆ ಸೇರುತ್ತದೋ ಎಂದು ಕಿಟಕಿ ಮುಚ್ಚಿಬಿಡುತ್ತಾರೆ.

ಕೌಂಟರಿನಲ್ಲಿ ನಾನು ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಪುಟ ಬಂದಾಗ ಕುರ್ಚಿ ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ದನಿ ತಗ್ಗಿಸಿ, "ಇದನ್ನು ಖಾಲಿ ಬಿಡಬಹುದು, ಬಹಳ ಜನ ಬಿಡುತ್ತಾರೆ" ಎನ್ನುತ್ತಿದ್ದೆ. ಅವರು ಯಾರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ, ಆದರೆ ಕೆಲಸವಾಯಿತು. ಓರಿಯೆಂಟೇಷನ್ ಬರೆಯುವಾಗ ನಾವು ಆಡಿದ ಮಾತುಗಳನ್ನೆಲ್ಲ ಪಟ್ಟಿ ಮಾಡಿದ್ದೆವು. ಆ ತಗ್ಗಿದ ದನಿ ಯಾವ ಪಟ್ಟಿಯಲ್ಲೂ ಇರಲಿಲ್ಲ, ಏಕೆಂದರೆ ಅದು ಕೆಲಸ ಎಂದು ನಮಗೇ ಗೊತ್ತಿರಲಿಲ್ಲ.

ಆ ಹುಡುಗಿ ಫೋನಿನಲ್ಲೇ ಅರ್ಜಿ ಮುಗಿಸಿದಳು. ಹನ್ನೆರಡು ನಿಮಿಷ ಹಿಡಿಯಿತು.

ಇಲ್ಲಿ ಇನ್ನೊಂದು ಕಷ್ಟವನ್ನೂ ಹೇಳಲೇಬೇಕು. ಎಲ್ಲವೂ ಪರದೆಯ ಮೇಲೆ ಬಂದ ಮೇಲೆ ಮನುಷ್ಯರೇ ಅಲ್ಲದ ಅರ್ಜಿದಾರರು ಬಂದರು. ವಿದ್ಯಾರ್ಥಿ ನೆರವಿನ ಹಣ ದೋಚಲು ಕದ್ದ ಹೆಸರುಗಳಲ್ಲಿ ಯಂತ್ರಗಳು ತುಂಬುವ ಅರ್ಜಿಗಳು ಅವು. 2021ರಲ್ಲಿ ಇಡೀ ರಾಜ್ಯದ ಕಮ್ಯುನಿಟಿ ಕಾಲೇಜುಗಳಲ್ಲಿ ಹೀಗೆ ನೆರವು ಕೋರಿದ 65,000ಕ್ಕೂ ಹೆಚ್ಚು ನಕಲಿ ಅರ್ಜಿಗಳು ಪತ್ತೆಯಾದವೆಂದು ಪತ್ರಿಕೆಗಳಲ್ಲಿ ಬಂತು. ತರಗತಿ ಭರ್ತಿ ಎಂದು ಪರದೆ ಹೇಳುತ್ತದೆ, ಒಳಗೆ ನೋಡಿದರೆ ಅರ್ಧ ಜನ ಇಲ್ಲವೇ ಇಲ್ಲ. ಹೊರಗೆ ನಿಜವಾದ ಮಕ್ಕಳು ಕಾಯುವ ಪಟ್ಟಿಯಲ್ಲಿ. ಅಧ್ಯಾಪಕರು ಮೊದಲ ವಾರ "ನೀವು ಯಾರು, ಏಕೆ ಈ ವಿಷಯ ಆರಿಸಿಕೊಂಡಿರಿ" ಎಂದು ಬರೆಸಿ, ಉತ್ತರ ಬಾರದ ಹೆಸರುಗಳನ್ನು ತೆಗೆದುಹಾಕಲು ಶುರು ಮಾಡಿದರು. ಗುರುತು ಸಾಬೀತುಪಡಿಸುವ ಹಂತಗಳು ಬಂದವು. ಕಳ್ಳನಿಗೆ ಹಾಕಿದ ಬೇಲಿಗೆ ಮೊದಲು ತಗುಲಿಕೊಂಡವರು ಗುರುತಿನ ಚೀಟಿ ಇಲ್ಲದವರು, ವಿಳಾಸ ಬದಲಾಗುತ್ತಲೇ ಇರುವವರು, ಮನೆಯವರೆಲ್ಲರಿಗೂ ಸೇರಿ ಒಂದೇ ಫೋನ್ ಇರುವವರು. ಇದಕ್ಕೆ ಸುಲಭದ ಉತ್ತರ ನನ್ನ ಬಳಿ ಇಲ್ಲ. ಕಳವನ್ನು ತಡೆಯಲೇಬೇಕು. ಆದರೆ "ನಿಮ್ಮ ಗುರುತು ದೃಢಪಟ್ಟಿಲ್ಲ" ಎಂದು ಯಂತ್ರ ಕಳಿಸುವ ಒಂದು ಸಾಲನ್ನು ಓದುವ ಹದಿನೆಂಟು ವರ್ಷದವರಿಗೆ ಅದು ಹೇಗೆ ಕೇಳಿಸುತ್ತದೆ ಎಂದು ಯೋಚಿಸಿದಾಗ ನನಗೆ ನಿದ್ದೆ ಬರುವುದಿಲ್ಲ.

2022ರಲ್ಲಿ ಊರಿಗೆ ಹೋಗಿದ್ದಾಗ ಅಣ್ಣನ ಮಗಳು ಪದವಿಗೆ ಸೇರುತ್ತಿದ್ದಳು. ನಾನು ಸೇರಿದ್ದು 1996ರಲ್ಲಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ. ಅಪ್ಪನಿಗೆ ಬಿಡುವಿರಲಿಲ್ಲ, ಚಿಕ್ಕಪ್ಪ ಬಂದಿದ್ದರು. ಅರ್ಜಿಗೆ ಒಂದು ಸಾಲು, ಹಣ ಕಟ್ಟಲು ಇನ್ನೊಂದು, ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ. ಎಲ್ಲ ಮುಗಿಸಿ ಮೆಟ್ಟಿಲು ಇಳಿಯುತ್ತಿದ್ದಾಗ ಅಲ್ಲಿನ ಜವಾನರು ಕರೆದರು. "ಮಗು, ದಿನಾ ಬಸ್ಸಿನಲ್ಲಿ ಬರುತ್ತೀಯಾ? ಪಾಸ್‌ಗೆ ಬರೆದುಕೊಟ್ಟೆಯಾ?" ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಇದೆ ಎಂಬುದೇ ನನಗಾಗಲಿ ಚಿಕ್ಕಪ್ಪನಿಗಾಗಲಿ ಗೊತ್ತಿರಲಿಲ್ಲ. ಆ ಪಾಸ್ ಇರದಿದ್ದರೆ ಮೂರು ವರ್ಷ ದಿನಾ ಬಸ್ಸಿಗೆ ದುಡ್ಡು ಕೊಡುವುದು ನಮ್ಮ ಮನೆಗೆ ಆಗುತ್ತಿರಲಿಲ್ಲ. ಆ ಹಿರಿಯರ ಹೆಸರನ್ನು ನಾನು ಎಂದೂ ಕೇಳಿಕೊಳ್ಳಲಿಲ್ಲ, ಅದಕ್ಕೆ ಇಂದಿಗೂ ವ್ಯಥೆಯಿದೆ.

ಈಗ ಕರ್ನಾಟಕದ ಪದವಿ ಪ್ರವೇಶ ಯುಯುಸಿಎಂಎಸ್ ಎಂಬ ಜಾಲತಾಣದಲ್ಲಿ ನಡೆಯುತ್ತದೆ. ಅಣ್ಣನ ಮಗಳ ಬಳಿ ನನಗಿಂತ ಒಳ್ಳೆಯ ಮೊಬೈಲ್ ಇತ್ತು. "ಮನೆಯಲ್ಲೇ ತುಂಬಬಹುದಲ್ಲ" ಎಂದೆ. "ಇಲ್ಲ ಅತ್ತೆ, ಸೈಬರ್‌ಗೇ ಹೋಗಬೇಕು, ಅವರಿಗೇ ಗೊತ್ತಿರುವುದು" ಎಂದಳು. ಜೊತೆಗೆ ಹೋದೆ. ಬಸ್ ನಿಲ್ದಾಣದ ಎದುರಿನ ಸಂದಿಯಲ್ಲಿ ಹತ್ತು ಅಡಿಯ ಅಂಗಡಿ. ಹೊರಗೆ ಜೆರಾಕ್ಸ್ ಯಂತ್ರ, ಒಳಗೆ ಎರಡು ಕಂಪ್ಯೂಟರ್, ಗೋಡೆಗೆ ಒರಗಿ ನಿಂತ ಏಳೆಂಟು ಹುಡುಗ ಹುಡುಗಿಯರು. ಅಂಗಡಿಯ ತರುಣ ಕೀಲಿಮಣೆಯಿಂದ ಕಣ್ಣೆತ್ತದೆ ಕೇಳುತ್ತಾ ಹೋದ. "ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇದೆಯಾ? ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ? ಇಲ್ಲದಿದ್ದರೆ ಸ್ಕಾಲರ್‌ಶಿಪ್ ಬರುವುದಿಲ್ಲ ಮತ್ತೆ." ಓಟಿಪಿ ಬಂತು, ಓದಿ ಹೇಳಿದಳು. ಹಣ ಕೊಟ್ಟು, ಪ್ರಿಂಟ್ ತೆಗೆದುಕೊಂಡು ಹೊಸಿಲಿಗೆ ಬಂದೆವು. ಹಿಂದಿನಿಂದ ಅವನದೇ ದನಿ: "ಹಾಸ್ಟೆಲ್ ಬೇಕೇನಮ್ಮಾ? ಅದಕ್ಕೆ ಬೇರೆ ಅರ್ಜಿ, ಇದರಲ್ಲಿ ಬರುವುದಿಲ್ಲ."

ನಾನು ಅಲ್ಲೇ ನಿಂತುಬಿಟ್ಟೆ. ಇಪ್ಪತ್ತಾರು ವರ್ಷದ ಹಿಂದೆ ಜವಾನರು ಕೇಳಿದ ಪ್ರಶ್ನೆಯನ್ನು ಇವನು ಕೇಳುತ್ತಿದ್ದ. ಸರ್ಕಾರ ಕೌಂಟರನ್ನು ಮುಚ್ಚಿತ್ತು, ಊರು ಬಸ್ ನಿಲ್ದಾಣದ ಎದುರಿಗೆ ಮತ್ತೊಂದನ್ನು ತೆರೆದುಕೊಂಡಿತ್ತು. ಅದಕ್ಕೆ ಮಕ್ಕಳು ಕೈಯಿಂದ ಹಣ ಕೊಡಬೇಕು, ಅದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಕಾಲೇಜು ಮಾಡಬೇಕಾದ ಕೆಲಸವನ್ನು ಅಂಗಡಿಯವರು ಮಾಡುತ್ತಿದ್ದಾರೆ. ಆದರೂ ಕೇಳುವವರೊಬ್ಬರು ಇದ್ದರು. ನಾನು ಕೆಲಸ ಮಾಡುವ ಊರಿನಲ್ಲಿ ಅಂಥ ಅಂಗಡಿ ಇಲ್ಲ. ಸಾರ್ವಜನಿಕ ಗ್ರಂಥಾಲಯದ ಸಿಬ್ಬಂದಿ ಕೈಲಾದಷ್ಟು ಮಾಡುತ್ತಾರೆ. ಉಳಿದಂತೆ, ಇಂಗ್ಲಿಷ್ ಬಲ್ಲ ಹನ್ನೆರಡು ಹದಿಮೂರರ ಮಗಳು ಅಮ್ಮನ ಅರ್ಜಿಯನ್ನು ತುಂಬುತ್ತಾಳೆ.

ಹಿಂದಿರುಗಿದ ಮೇಲೆ ವಿಭಾಗದ ಸಭೆಯಲ್ಲಿ ನಾನು ಬಸ್ ನಿಲ್ದಾಣದ ಎದುರಿನ ಆ ಅಂಗಡಿಯ ಕಥೆ ಹೇಳಿದೆ. ಓರಿಯೆಂಟೇಷನ್ನಿನ ಕೊನೆಯ ಪುಟ ನೋಡೋಣ ಎಂದೆ. ಹತ್ತು ಪ್ರಶ್ನೆಗಳ ಕಿರುಪರೀಕ್ಷೆ, ಆಮೇಲೆ "ಧನ್ಯವಾದ, ನೀವು ಮುಗಿಸಿದ್ದೀರಿ" ಎಂಬ ಒಂದು ಸಾಲು. ಅಷ್ಟೇ. ನಾವು ಕಟ್ಟಿದ ಮನೆಗೆ ಜಗಲಿಯೇ ಇರಲಿಲ್ಲ. ಹೊರಟವರು ತಿರುಗಿ ನಿಲ್ಲಲು ಒಂದು ಮೆಟ್ಟಿಲೂ ಇರಲಿಲ್ಲ.

ನಾವು ಮಾಡಿದ್ದು ದೊಡ್ಡದೇನಲ್ಲ. ಕೊನೆಯ ಪುಟದ ಆಚೆಗೆ ಇನ್ನೊಂದು ಪುಟ ಇಟ್ಟೆವು. ಅದರಲ್ಲಿ ಒಂದೇ ಒಂದು ಚೌಕ: ಇನ್ನೂ ಏನಾದರೂ ಕೇಳಬೇಕಿತ್ತೇ? ಯಾವ ಭಾಷೆಯಲ್ಲಿ ಬೇಕಾದರೂ ಬರೆಯಿರಿ, ನಾವು ಫೋನ್ ಮಾಡುತ್ತೇವೆ. ನಮ್ಮಲ್ಲಿ ಸ್ಪ್ಯಾನಿಷ್ ಬಲ್ಲವರಿದ್ದಾರೆ, ವಿಯೆಟ್ನಾಮಿ ಬಲ್ಲವರಿದ್ದಾರೆ. ಪೌರತ್ವದ ಪುಟದ ಬಗ್ಗೆ ಓರಿಯೆಂಟೇಷನ್‌ಗೂ ಮೊದಲೇ, ಮೊದಲ ಇಮೇಲ್‌ನಲ್ಲೇ, ಕೊಂಡಿಯ ಹಿಂದೆ ಬಚ್ಚಿಡದೆ ಮೂರು ಸಾಲು ಬರೆದೆವು. ಚೌಕಕ್ಕೆ ಯಾರೂ ಏನೂ ಬರೆಯುವುದಿಲ್ಲ, ಕೆಲಸ ಹೆಚ್ಚಾಗುತ್ತದೆ ಎಂದು ಎರಡು ಬಗೆಯ ಆಕ್ಷೇಪ ಒಟ್ಟಿಗೇ ಬಂತು. ಮೊದಲ ರಾತ್ರಿಯೇ ಬರೆಯಲು ಶುರು ಮಾಡಿದರು.

ನನ್ನ ಬಳಿ ಪ್ರಿಂಟರ್ ಇಲ್ಲ, ಪರವಾಗಿಲ್ಲವೇ?

2009ರಲ್ಲಿ ಇದೇ ಕಾಲೇಜಿನಲ್ಲಿ ಫೇಲಾಗಿದ್ದೆ. ಅದು ಈಗಲೂ ಕಾಣಿಸುತ್ತದೆಯೇ?

ನನ್ನ ಮಗನಿಗೆ ಹುಷಾರಿಲ್ಲದ ದಿನ ತರಗತಿಗೆ ಬರದಿದ್ದರೆ ಹೆಸರು ತೆಗೆಯುತ್ತಾರೆಯೇ?

ಇದು ಮುಗಿಯಿತೇ? ನಾನು ಈಗ ವಿದ್ಯಾರ್ಥಿಯೇ?

ಕೊನೆಯದನ್ನು ಓದಿ ನಾವು ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅರ್ಜಿ ಸ್ವೀಕೃತವಾಗಿದೆ, ಓರಿಯೆಂಟೇಷನ್ ಪೂರ್ಣಗೊಂಡಿದೆ, ನೋಂದಣಿ ದಿನಾಂಕ ನಿಗದಿಯಾಗಿದೆ ಎಂದು ಯಂತ್ರ ಆರೇಳು ಸಂದೇಶ ಕಳಿಸಿತ್ತು. ಹೌದು, ನೀವು ನಮ್ಮ ವಿದ್ಯಾರ್ಥಿ ಎಂದು ಒಂದರಲ್ಲೂ ಇರಲಿಲ್ಲ. ಕೌಂಟರಿನಲ್ಲಿ ಕಾಗದ ಕೈಗಿಡುವಾಗ ಅದನ್ನು ನಾವು ದಿನಕ್ಕೆ ನೂರು ಸಲ ಹೇಳುತ್ತಿದ್ದೆವು. ಅಂದೇ ಆ ಪುಟದ ಮೇಲ್ಭಾಗದಲ್ಲಿ ಆ ಸಾಲನ್ನು ಬರೆದೆವು.

ಈಗ ಕೌಂಟರ್ ಮತ್ತೆ ತೆರೆದಿದೆ, ತುಳಸಿ ಕುಂಡ ಮತ್ತೆ ಮೇಜಿನ ಮೇಲಿದೆ. ಬರುವವರು ಮೊದಲಿಗಿಂತ ಕಡಿಮೆ. ನನ್ನ ದಿನದ ಬಹುಪಾಲು ಆ ಚೌಕದಲ್ಲಿ ಬಂದ ಹೆಸರುಗಳಿಗೆ ಫೋನ್ ಮಾಡುವುದರಲ್ಲಿ ಹೋಗುತ್ತದೆ. ಕಳೆದ ವಾರ ಐವತ್ತು ದಾಟಿದ ಒಬ್ಬ ಹೆಂಗಸಿಗೆ ಮಾಡಿದೆ. ಅವರು ಚೌಕದಲ್ಲಿ ಬರೆದಿದ್ದು ಪಾಸ್‌ವರ್ಡ್ ಮರೆತಿರುವ ಬಗ್ಗೆ. ಐದು ನಿಮಿಷದಲ್ಲಿ ಸರಿಹೋಯಿತು. ಲೆಕ್ಕಪತ್ರದ ಮೊದಲ ತರಗತಿ, ಮಂಗಳವಾರ ಮತ್ತು ಗುರುವಾರ ಸಂಜೆ ಆರಕ್ಕೆ, ಎರಡನೆಯ ಮಹಡಿ. ಎಲ್ಲ ಬರೆದುಕೊಂಡರು. ಧನ್ಯವಾದ ಹೇಳಿದರು, ನಾನೂ ಹೇಳಿದೆ. ಸರಿ, ಇಡುತ್ತೇನೆ ಎಂದರು.

ನಾನು ಇಡಲಿಲ್ಲ. ಅವರೂ ಇಡಲಿಲ್ಲ. ಆ ಕಡೆ ನಲ್ಲಿಯ ನೀರು ನಿಂತ ಸದ್ದು ಕೇಳಿಸಿತು.

"ಮಿಸ್," ಎಂದರು, "ತರಗತಿಯಲ್ಲಿ ನನ್ನ ವಯಸ್ಸಿನವರು ಬೇರೆ ಯಾರಾದರೂ ಇರುತ್ತಾರೆಯೇ?"

ಪೆನ್ನನ್ನು ಕೆಳಗಿಟ್ಟು ಕುರ್ಚಿಗೆ ಒರಗಿಕೊಂಡೆ. ಇರುತ್ತಾರೆ ಎಂದು ಹೇಳಿ, ಕಳೆದ ವರ್ಷ ಅದೇ ತರಗತಿಯಲ್ಲಿ ಓದಿದ ಒಬ್ಬ ಅಜ್ಜಿಯ ಕಥೆಯನ್ನು ಶುರು ಮಾಡಿದೆ.